ಪರಮಾನಂದದ ಮೊಳೆಗಳು

ಪೇಟೆಯ ಮೂಲೆಯಲ್ಲಿದ್ದ ಅಚ್ಚುಕೂಟದ ಯಜಮಾನನಿಗೆ ಜನ ಇಟ್ಟ ಹೆಸರು ಪರಮಾನಂದ. ಆಸಾಮಿಯದು ಗಂಟುಮೋರೆ, ನಕ್ಕರೆ ಹಲ್ಲು ಸವೆದೀತು ಅನ್ನುವ ಪೈಕಿ. ಆದರೂ ಆ ಹೆಸರು ಬಂದದ್ದು ಅವನು ಅಚ್ಚು ಹಾಕುತ್ತಿದ್ದ ಕರೆಯೋಲೆಗಳಿಂದ. ಮದುವೆಯಿರಲಿ, ಅಂಗಡಿ ತೆರೆಯುವುದಿರಲಿ, ಯಾವನೋ ಗುಮಾಸ್ತ ನಿವೃತ್ತನಾಗಲಿ, ಎಲ್ಲದರಲ್ಲೂ ಒಂದೇ ಸಾಲು: 'ಪರಮಾನಂದದಿಂದ ಆಹ್ವಾನಿಸುತ್ತೇವೆ.'

ಇದಕ್ಕೆ ಕಾರಣ ಆನಂದವಲ್ಲ, ಸೋಮಾರಿತನ. ಅಚ್ಚಾದ ಮೇಲೆ ಅಕ್ಷರಗಳ ಸೀಸದ ಮೊಳೆಗಳನ್ನು ಬಿಚ್ಚಿ ಒಂದೊಂದನ್ನೂ ಅದರದರ ಖಾನೆಗೆ ಹಾಕಬೇಕು. ಈ ಸಾಲನ್ನು ಮಾತ್ರ ಅವನು ಬಿಚ್ಚುತ್ತಲೇ ಇರಲಿಲ್ಲ. ದಾರ ಸುತ್ತಿ ಕಿಟಕಿಯಲ್ಲಿಟ್ಟುಕೊಂಡು, ಬಂದವರಿಗೆಲ್ಲ ಅದನ್ನೇ ತಗುಲಿಸುತ್ತಿದ್ದ. ಪರಮಾನಂದವೆಂದರೆ ಅದರ ಮೇಲೆ ಇನ್ನೊಂದು ಆನಂದವಿಲ್ಲ ಎಂದು ಅರ್ಥ. ಹಿಟ್ಟಿನ ಗಿರಣಿ ಶುರುವಾಗುವುದಕ್ಕೂ ಅಷ್ಟು ದೊಡ್ಡ ಮಾತೇಕೆಂದು ಒಬ್ಬನೂ ಕೇಳಲಿಲ್ಲ. ಬರೆಸಿದವರಿಗೂ ತಟ್ಟಲಿಲ್ಲ, ಓದಿದವರಿಗೂ ತಟ್ಟಲಿಲ್ಲ.

ಕೊನೆಗೆ ಅವನ ಮಗಳ ಮದುವೆಯೇ ಗೊತ್ತಾಯಿತು. ಹುಡುಗ ಅವಳೇ ಮೆಚ್ಚಿದ ಬಸ್ ಮೆಕ್ಯಾನಿಕ್. ಅಪ್ಪ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. 'ಹೂಂ' ಅಂದು ಊಟಕ್ಕೆ ಕೂತ. ಅವನ ಬಾಯಿಂದ ಒಂದು ಒಳ್ಳೆಯ ಮಾತು ಬಂದೀತೆಂದು ಹುಡುಗಿ ಕಾದೇ ಕಾದಳು. ಬಂದದ್ದು ಕಾರ್ಡಿನ ಕರಡು.

ಓದಿದವಳು ಆ ಸಾಲಿನ ಮೇಲೆ ಬೆರಳಿಟ್ಟಳು. "ಅಪ್ಪಾ, ಇದನ್ನ ತೆಗಿ."

"ಯಾಕೆ? ಎಲ್ಲರ ಕಾರ್ಡಲ್ಲೂ ಇರುತ್ತಲ್ಲ."

"ಅದಕ್ಕೇ ತೆಗಿ ಅಂದಿದ್ದು."

"ಮತ್ತೇನು ಹಾಕ್ಲಿ?"

"ನಿನಗೆ ಏನನ್ಸುತ್ತೋ ಅದನ್ನ ಹಾಕು. ಸಣ್ಣ ಮಾತಾದ್ರೂ ಪರವಾಗಿಲ್ಲ."

ಊರಿನ ಆನಂದವನ್ನೆಲ್ಲ ಗುತ್ತಿಗೆ ಹಿಡಿದಿದ್ದ ಮಹಾರಾಯ ಮೊಳೆಗಳ ಮುಂದೆ ನಿಂತ. 'ಸಂತೋಷ' ಎಂದು ಜೋಡಿಸಿದ. ನೋಡಿದವರು ಏನಂದುಕೊಂಡಾರೋ ಎಂದು ಕೆಡವಿದ. 'ಹಿಗ್ಗು' ಎಂದು ಜೋಡಿಸಿದ. ಯಾರೋ ತನ್ನ ಅಂಗಿ ಬಿಚ್ಚಿಸಿದಂತೆ ನಾಚಿಕೆಯಾಗಿ ಅದನ್ನೂ ಕೆಡವಿದ. ಮಗಳ ಮೇಲೆ ಪ್ರೀತಿಯಿರಲಿಲ್ಲವೆಂದರೆ ಸುಳ್ಳಾದೀತು. ಇತ್ತು. ಬಾಯಿಗೆ ಹಾಕಿಕೊಂಡ ಬೀಗ ಈಗ ಕೈಗೂ ಬಿದ್ದಿತ್ತು, ಅಷ್ಟೆ.

ಕಡೆಗೆ ಆ ಜಾಗ ಖಾಲಿ ಬಿಟ್ಟೇ ಅಚ್ಚು ಹಾಕಿದ. ಸ್ವಂತ ಮಗಳ ಕಾರ್ಡಲ್ಲೇ ಒಂದು ಸಾಲು ನುಂಗಿದ್ದಾನಲ್ಲ ಎಂದು ನೆಂಟರು ನಕ್ಕರು. ಅದು ಅಚ್ಚಿನ ತಪ್ಪಲ್ಲವೆಂದು ಗೊತ್ತಿದ್ದವಳು ಮಗಳೊಬ್ಬಳೇ. ಅವಳು ನಗಲಿಲ್ಲ.