ಇನ್ನೊಬ್ಬರ ಹೆಸರಿನ ಹಾರಗಳು

ತೊಂಬತ್ತರ ದಶಕದ ನಡುವಿನಲ್ಲಿ, ಸಿಂಗಾಪುರದಲ್ಲಿ ನಾನು ಕ್ಯಾಪ್ಟನ್ ಆಗಿದ್ದ ಡ್ಯಾನ್ಸ್ ಕ್ಲಬ್ಬಿನಲ್ಲಿ ಸಂಜೆ ಏಳರ ಮೇಲೆ ಬಂದವರಿಗೆ ಟೇಬಲ್ ಸಿಗುತ್ತಿರಲಿಲ್ಲ. ಕ್ಯಾಪ್ಟನ್ ಅಂದರೆ ವೇಟರುಗಳ ಮೇಲಿನವನು. ಕುಂದಾಪುರದ ಕಡೆ ಆರನೇ ಕ್ಲಾಸಿಗೇ ಶಾಲೆ ಬಿಟ್ಟು, ಮುಂಬೈಯಲ್ಲಿ ಟೇಬಲ್ ಒರೆಸಿ, ಯಾರ ಶಿಫಾರಸೂ ಇಲ್ಲದೆ ಕ್ಯಾಪ್ಟನ್ ಕೋಟು ತೊಟ್ಟವನು ನಾನು. ಆ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ನಮ್ಮ ಹುಡುಗಿಯರು ಘಾಗ್ರಾ ತೊಟ್ಟು ಹಿಂದಿ ಹಾಡಿಗೆ ಕುಣಿಯುತ್ತಿದ್ದರು. ಗಿರಾಕಿ ಮುಟ್ಟುವ ಹಾಗಿಲ್ಲ. ಕುಣಿತ ಮೆಚ್ಚಿದರೆ ಕೌಂಟರಿನಲ್ಲಿ ಮಲ್ಲಿಗೆ ಹಾರ ಕೊಳ್ಳಬೇಕು. ಅದನ್ನು ಅವನ ಪರವಾಗಿ ಹುಡುಗಿಯ ಕೊರಳಿಗೆ ಹಾಕುವುದು ಕ್ಯಾಪ್ಟನ್ನನ ಕೆಲಸ. ಜುರಾಂಗ್ ಕಾರ್ಖಾನೆಗಳ ಎಂಜಿನಿಯರು, ಬ್ಯಾಂಕಿನವರು, ಹಡಗಿನವರು, ಯಾರ್ಯಾರ ಹೆಸರಿನಲ್ಲೋ ಹಾಕುತ್ತಾ ಹೋದೆ.

ಆ ಹುಡುಗಿಯರಲ್ಲಿ ಹುಬ್ಬಳ್ಳಿಯವಳೊಬ್ಬಳಿದ್ದಳು. ನಾವಿಬ್ಬರೂ ಮದುವೆಯಾಗುವುದೆಂದು ಮಾತಾಗಿತ್ತು.

ದಶಕ ಮುಗಿಯುವ ಹೊತ್ತಿಗೆ ವ್ಯಾಪಾರ ಬಿತ್ತು. ಕಂಪನಿಗಳು ಕೆಲಸದವರನ್ನು ಮನೆಗೆ ಕಳಿಸತೊಡಗಿದವು. ಉಳಿದ ಗಿರಾಕಿಗಳೂ ಫೆರಿ ಹತ್ತಿ ಇಂಡೋನೇಷ್ಯಾದ ಬಾತಾಂ ದ್ವೀಪಕ್ಕೆ, ಬಟ್ಟೆ ಬಿಚ್ಚಿ ಕುಣಿಯುವ ಕ್ಲಬ್ಬುಗಳಿಗೆ ಹೋಗತೊಡಗಿದರು.

"ಅಲ್ಲಿ ಎಲ್ಲಾ ತೋರಿಸ್ತಾರೆ ಮಾರಾಯ, ನಮ್ಮ ಘಾಗ್ರಾ ಯಾರಿಗೆ ಬೇಕು?" ಎಂದರು ನಮ್ಮ ಧಣಿ. ಒಬ್ಬಳನ್ನು ಕಡಿಮೆ ಮಾಡಲೇಬೇಕಿತ್ತು. ತಿಂಗಳ ಕೊನೆಗೆ ಯಾರಿಗೆ ಹಾರ ಕಡಿಮೆಯೋ ಅವಳ ಕೆಲಸದ ಪರ್ಮಿಟ್ ಕ್ಯಾನ್ಸಲ್, ಊರಿಗೆ ವಾಪಸು ಎಂದು ತೀರ್ಮಾನಿಸಿದರು.

ತಿಂಗಳ ಕೊನೆಯ ದಿನ ಮಧ್ಯಾಹ್ನ ನಾನು ಹಾರಗಳಿಗೆ ನೀರು ಚಿಮುಕಿಸುತ್ತಿದ್ದಾಗ ಹುಬ್ಬಳ್ಳಿಯವಳು ಬಂದಳು.

"ಕ್ಯಾಪ್ಟನ್ ಸಾಹೇಬ್ರೇ, ಹಾರದ ಲೆಕ್ಕದಲ್ಲಿ ನಾನೂ ಆ ಪಂಜಾಬಿನವಳೂ ಕೊನೇಲಿ ಸಮ ಸಮ ಇದೀವಿ. ಇವತ್ತು ನೀನೇ ಒಂದು ಕೊಂಡು ಹಾಕ್ಬಿಡು."

"ನಾನಾ?"

"ಊರವರ ಹೆಸರಲ್ಲೆಲ್ಲಾ ಹಾಕ್ತೀಯ. ನಿನ್ ಹೆಸರಲ್ಲಿ ಹಾಕಿದ್ರೆ ಕೈ ಸವೆಯುತ್ತಾ?"

"ನನ್ನ ಹೆಸರಲ್ಲಿ ನಿನಗೆ ಹಾಕೋದು ಒಂದೇ ಹಾರ. ಅದು ದೇವಸ್ಥಾನದಲ್ಲಿ, ಮದುವೆ ದಿನ. ಈ ಕುಡುಕರ ಮುಂದೆ ಅಲ್ಲ."

"ಆಯ್ತಪ್ಪಾ ಮದುಮಗ," ಎಂದು ನಕ್ಕಳು. "ಅಲ್ಲೀತನಕ ನಾನು ಈ ಊರಲ್ಲಿ ಇರ್ಬೇಕಲ್ಲ?"

"ಯಾರಾದ್ರೂ ಗಿರಾಕಿ ಹಾಕಿಸ್ತಾನೆ ಬಿಡು."

ಅವಳ ನಗು ನಿಂತಿತು. ಮತ್ತೆ ಕೇಳಲಿಲ್ಲ. ವೇಟರೊಬ್ಬನ ಕೈಗೆ ದುಡ್ಡು ಕೊಟ್ಟು, ಸುಳ್ಳು ಹೆಸರಿನಲ್ಲಾದರೂ ಹಾಕಿಸಬಹುದಿತ್ತು. ನನ್ನ ಹೆಂಡತಿಯಾಗುವವಳಿಗೆ ಇನ್ನೊಬ್ಬರ ಹೆಸರಿನ ಹಾರ ನಾನೇ ಕೊಡಿಸುವುದೇ? ಅದು ಇನ್ನೂ ಕೀಳು ಅನ್ನಿಸಿತು.

ಅಂದು ತುಂಬಿದ್ದು ಮೂರೇ ಟೇಬಲ್. ಮಾರಾಟವಾದದ್ದು ಒಂದೇ ಹಾರ. ಕೊಂಡವನು ಪಂಜಾಬಿನವಳತ್ತ ಬೆರಳು ತೋರಿಸಿದ. ನಾನೇ ಹೋಗಿ ಹಾಕಿದೆ. ಪಕ್ಕದಲ್ಲಿ ಅವಳು ಕುಣಿಯುತ್ತಲೇ ಇದ್ದಳು.

ವಾರದೊಳಗೆ ಅವಳನ್ನು ಕಳಿಸಿದರು. ಹುಬ್ಬಳ್ಳಿಯ ವಿಳಾಸಕ್ಕೆ ನನ್ನ ಸೊಟ್ಟ ಅಕ್ಷರಗಳಲ್ಲಿ ನಾಲ್ಕು ಕಾಗದ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ.

ಕೆಲವು ತಿಂಗಳ ಮೇಲೆ ಬೆಂಗಳೂರಿನ ಎಂಜಿನಿಯರೊಬ್ಬರು ಟೇಬಲ್ಲಿನಿಂದಲೇ ಕೂಗಿದರು. "ಕ್ಯಾಪ್ಟನ್, ನಿಮ್ಮ ಹುಬ್ಬಳ್ಳಿ ಮೇಡಂ ಬಾತಾಂನಲ್ಲಿ ಇದಾರಲ್ರೀ! ಅಲ್ಲಿ ಹಾರದ ಖರ್ಚೇ ಇಲ್ಲ. ಮೈಮೇಲೆ ಏನೂ ಹಾಕ್ಕೊಳ್ಳೋದೇ ಇಲ್ವಲ್ಲ!"

ಟೇಬಲ್ಲೆಲ್ಲ ನಕ್ಕಿತು. ನಾನು ಅವರ ಗ್ಲಾಸಿಗೆ ಐಸ್ ಹಾಕಿದೆ.

ಮುಂದಿನ ರಜೆಯಂದು ಫೆರಿ ಹತ್ತಿದೆ. ಕ್ಲಬ್ಬು ಇನ್ನೂ ತೆರೆದಿರಲಿಲ್ಲ. ಬಾಗಿಲು ಕಾಯುವವನಿಗೆ ಅವಳ ಹೆಸರು ಹೇಳಿ, ಸಿಂಗಾಪುರದ ಕ್ಯಾಪ್ಟನ್ ಬಂದಿದ್ದಾನೆ, ಮದುವೆಯ ಮಾತಿಗೆ ಬಂದಿದ್ದಾನೆ ಎಂದು ತಿಳಿಸಲು ಕೇಳಿಕೊಂಡೆ. ಅವನು ಒಳಗೆ ಹೋದ. ಬಹಳ ಹೊತ್ತಿನ ಮೇಲೆ ಹೊರಗೆ ಬಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ:

"ಅವಳು ಇಲ್ಲಿ ಇಲ್ಲ ಅಂತ ಹೇಳು ಅಂದಳು."

ಹೇಳಿದ ಮೇಲೆ ಅವನಿಗೇ ಏನೋ ಎಡವಟ್ಟಾಯಿತು ಅನ್ನಿಸಿರಬೇಕು, ತಲೆ ತಗ್ಗಿಸಿದ. ನಾನು ಥ್ಯಾಂಕ್ಸ್ ಹೇಳಿದೆ. ವಾಪಸು ಫೆರಿಗೆ ಇನ್ನೂ ಎರಡು ಗಂಟೆಯಿತ್ತು. ಎದುರಿನ ಕಟ್ಟೆಯ ಮೇಲೆ, ಬಿಸಿಲಿನಲ್ಲಿ, ಆ ಬಾಗಿಲನ್ನೇ ನೋಡುತ್ತಾ ಕೂತೆ. ಅದು ತೆರೆಯಲಿಲ್ಲ.