ಶನಿವಾರ ಬೆಳಿಗ್ಗೆಯ ರಗ್ಬಿ

ಶನಿವಾರ ಬೆಳಿಗ್ಗೆ ನಮಗೆ ಎಂಟು ಗಂಟೆಯಾದಾಗ ನ್ಯೂಜಿಲೆಂಡಿನ ದಕ್ಷಿಣದ ಒಂದು ಸಣ್ಣ ಊರಿನಲ್ಲಿ ಮಧ್ಯಾಹ್ನ ಎರಡೂವರೆ. ಅಲ್ಲಿನ ಮೈದಾನದಲ್ಲಿ ರಗ್ಬಿ ಆಟ ಶುರುವಾಗುವ ಹೊತ್ತು. ಅದೇ ಹೊತ್ತಿಗೆ ನಾನು ಕಡೂರಿನಲ್ಲಿ ಅಜ್ಜಂಪುರದ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡುತ್ತಿರುತ್ತೇನೆ. ಕಿಟಕಿ ಬೇಕಾಗಿರುವುದು ಗಾಳಿಗಲ್ಲ, ಫೋನಿನ ಸಿಗ್ನಲ್ಲಿಗೆ. ಅಲ್ಲಿರುವ ನನ್ನ ಗೆಳತಿ ಮೈದಾನದ ಅಂಚಿನಲ್ಲಿ ಕಾರು ನಿಲ್ಲಿಸಿಕೊಂಡು ನನಗೆ ವೀಡಿಯೊ ಕಾಲ್ ಮಾಡಿ, ಫೋನನ್ನು ಆಟದ ಕಡೆ ತಿರುಗಿಸಿ ಇಡುತ್ತಾಳೆ. ಬೀರೂರು ದಾಟುವವರೆಗೆ ಎಲ್ಲ ಚೆನ್ನಾಗಿ ಕಾಣುತ್ತದೆ. ಆಮೇಲೆ ಓಡುತ್ತಿದ್ದವರು ಓಡುತ್ತಿದ್ದ ಹಾಗೇ ನಿಂತುಬಿಡುತ್ತಾರೆ, ಸ್ವಲ್ಪ ಹೊತ್ತು ಕೂಗಾಟ ಮಾತ್ರ ಕೇಳುತ್ತದೆ, ಕೊನೆಗೆ ಅದೂ ಹೋಗುತ್ತದೆ.

ಪಕ್ಕದಲ್ಲಿ ಕೂತವರು ಸುಮ್ಮನಿರುವುದಿಲ್ಲ. "ಏನಮ್ಮಾ ಅದು, ಕಬಡ್ಡೀನಾ?" ಎಂದು ಒಮ್ಮೆ ಒಬ್ಬರು ಹಿರಿಯರು ಇಣುಕಿ ಕೇಳಿದರು. ಹೌದು ಎಂದೆ. ಬಸ್ಸಿನಲ್ಲಿ ರಗ್ಬಿ ವಿವರಿಸುವಷ್ಟು ತಾಳ್ಮೆ ದೇವರು ನನಗೆ ಕೊಟ್ಟಿಲ್ಲ.

ನಾನು ಯಗಟಿಯವಳು, ಕುರಿ ಸಾಕುವ ಮನೆಯವಳು. ವಿಜ್ಞಾನ ಓದಿ ಆ ದೇಶದ ಒಂದು ಉಣ್ಣೆ ಪರೀಕ್ಷೆಯ ಲ್ಯಾಬಿಗೆ ಕೆಲಸಕ್ಕೆ ಹೋದೆ. "ಕುರಿ ಬಿಟ್ಟು ಓದೋಕ್ ಹೋದೋಳು, ಸಮುದ್ರ ದಾಟ್ಕೊಂಡು ಮತ್ತೆ ಕುರಿ ಹತ್ರನೇ ಹೋದ್ಲಲ್ಲಪ್ಪ" ಎಂದು ಊರಿನವರು ನಕ್ಕರು. ನಕ್ಕದ್ದರಲ್ಲಿ ತಪ್ಪೇನಿಲ್ಲ, ನನಗೂ ನಗು ಬಂದಿತ್ತು. ಹಲವು ವರ್ಷ ಅಲ್ಲಿದ್ದೆ. ಲ್ಯಾಬು ಮುಚ್ಚಿತು, ಕೆಲಸದ ಜೊತೆಗೆ ವೀಸಾವೂ ಹೋಯಿತು, ಹೋದ ವರ್ಷ ವಾಪಸ್ಸು ಬಂದೆ. ಈಗ ಕಡೂರಿನ ಒಂದು ಕೊಬ್ಬರಿ ಎಣ್ಣೆ ಗಿರಣಿಯಲ್ಲಿ ಎಣ್ಣೆ ಪರೀಕ್ಷೆ ಮಾಡುತ್ತೇನೆ, ಅಲ್ಲೇ ಬಾಡಿಗೆ ಮನೆ. ಶನಿವಾರ, ಭಾನುವಾರ ಅಜ್ಜಂಪುರದ ಅಕ್ಕನ ಮನೆ.

ವಾಪಸ್ಸು ಬಂದದ್ದು ಒಳ್ಳೆಯದಾಯಿತು ಎಂದು ಕಂಡವರೆಲ್ಲ ಹೇಳುತ್ತಾರೆ. ನಾನು ತಲೆಯಾಡಿಸುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಅಲ್ಲಿಗೇ ಹೋಗಬೇಕು. ಅದೇ ಊರಿನ ಹತ್ತಿರ ಇನ್ನೊಂದು ಲ್ಯಾಬಿನಲ್ಲಿ ಕೆಲಸ ಖಾಲಿಯಿದೆ ಎಂದು ಗೆಳತಿ ತಿಳಿಸಿದ ದಿನವೇ ಅರ್ಜಿ ಹಾಕಿದೆ. ಫೋನಿನಲ್ಲೇ ಇಂಟರ್ವ್ಯೂ ಆಯಿತು. ಉತ್ತರಕ್ಕೆ ಕಾಯುತ್ತಿದ್ದೆ. ಅಕ್ಕನಿಗೆ ಇದನ್ನು ಹೇಳಿರಲಿಲ್ಲ, ಏಕೆಂದರೆ ಅವಳು ಅಜ್ಜಂಪುರದ ಮನೆಯ ಮಹಡಿಯ ಮೇಲೆ ನನಗೋಸ್ಕರ ಒಂದು ರೂಮು ಕಟ್ಟಿಸಲು ಶುರು ಮಾಡಿದ್ದಳು.

ಇಷ್ಟೆಲ್ಲ ಹಂಬಲಿಸುವಂಥದ್ದು ಅಲ್ಲೇನಿದೆ ಎಂದು ಯಾರಾದರೂ ಕೇಳಿದರೆ ಬುಡುಬುಡಿಕೆಯವನ ವೇಷದಿಂದಲೇ ಶುರು ಮಾಡಬೇಕಾಗುತ್ತದೆ.

ನಾನು ಆ ದೇಶಕ್ಕೆ ಹೋದ ಮೊದಲ ವರ್ಷ, ಜೂನ್ ತಿಂಗಳಲ್ಲಿ, ಆಫೀಸಿನಲ್ಲಿ ವೇಷದ ಪಾರ್ಟಿ ಇಟ್ಟರು. ಜೂನ್ ಎಂದರೆ ಅಲ್ಲಿ ಕೊರೆಯುವ ಚಳಿಗಾಲ. ಎಲ್ಲರೂ ಏನಾದರೊಂದು ವೇಷ ಹಾಕಿ ಬರಬೇಕು ಎಂದರು. ನನಗೇನು ಹೊಸದಲ್ಲ ಎಂದುಕೊಂಡೆ. ಸ್ಕೂಲಿನಲ್ಲಿ ಛದ್ಮವೇಷ ಸ್ಪರ್ಧೆಯ ಬಹುಮಾನ ನನ್ನದೇ ಆಗಿರುತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ನಮ್ಮ ಬೀದಿಗೆ ಬಂದು, ಹಾಲಕ್ಕಿ ಹೀಗೆ ನುಡಿಯಿತು ಎಂದು ಭವಿಷ್ಯ ಹೇಳಿ, ಹಳೆ ಬಟ್ಟೆ ಇಸಿದುಕೊಂಡು ಹೋಗುವ ಬುಡುಬುಡಿಕೆಯವನನ್ನು ನೋಡಿ ನೋಡಿ ಅವನ ಮಾತೆಲ್ಲ ನನಗೆ ಬಾಯಿಪಾಠ. ಅಲ್ಲಿನ ಹಳೆ ಬಟ್ಟೆ ಅಂಗಡಿಯಿಂದ ಉದ್ದನೆಯ ಕರಿ ಕೋಟು ತಂದೆ. ಇದ್ದ ದುಪಟ್ಟಾಗಳನ್ನೆಲ್ಲ ಹೆಗಲಿಗೆ ಹಾಕಿಕೊಂಡೆ, ಒಂದನ್ನು ತಲೆಗೆ ಸುತ್ತಿದೆ. ಎರಡು ಕಾಗದದ ಲೋಟಗಳನ್ನು ತಳಕ್ಕೆ ತಳ ಅಂಟಿಸಿ, ಬಾಯಿಗೆ ಕಾಗದ ಬಿಗಿದು, ದಾರಕ್ಕೆ ಕೋಟಿನ ಗುಂಡಿ ಕಟ್ಟಿ ಬುಡುಬುಡಿಕೆಯನ್ನೂ ಮಾಡಿಕೊಂಡೆ. ಮೀಸೆಯನ್ನಂತೂ ಕಾಡಿಗೆಯಲ್ಲಿ ಚೆನ್ನಾಗಿಯೇ ತೀಡಿದ್ದೆ.

ಎಡವಟ್ಟಾದದ್ದು ಇಲ್ಲಿ. ನಮ್ಮ ಸ್ಕೂಲಿನಲ್ಲಿ ವೇಷ ಹಾಕಿಕೊಂಡು ಸುಮ್ಮನೆ ನಿಂತರೆ ಮೇಷ್ಟ್ರು ಸೊನ್ನೆ ಕೊಡುತ್ತಿದ್ದರು. ವೇಷ ಹಾಕಿದ ಮೇಲೆ ಆ ವೇಷದ ಮಾತನ್ನೂ ಆಡಬೇಕು. ಅಲ್ಲಿಯೂ ಹಾಗೇ ಇರಬೇಕೆಂದು ನಾನು ತಿಳಿದಿದ್ದೆ. ಒಳಗೆ ಹೋದರೆ ಎಲ್ಲರೂ ಕೈಯಲ್ಲಿ ಲೋಟ ಹಿಡಿದು ಹವಾಮಾನ ಮಾತಾಡುತ್ತ ನಿಂತಿದ್ದಾರೆ. ನಮ್ಮ ಮ್ಯಾನೇಜರು ಬಾಳೆಹಣ್ಣಿನ ವೇಷದಲ್ಲಿದ್ದ. ನಾನು ನೇರವಾಗಿ ಅವನ ಮುಂದೆ ಹೋಗಿ ಬುಡುಬುಡಿಕೆ ಅಲ್ಲಾಡಿಸಿ, "ಹಾಲಕ್ಕಿ ನುಡೀತೈತೆ ಸ್ವಾಮಿ, ಈ ಮನೇಗೆ ಒಳ್ಳೇದಾಗ್ತೈತೆ, ಕಣ್ಣೆಸರು ಕಳೀತೈತೆ" ಎಂದು ಗಂಟಲು ಬಿಚ್ಚಿ ಶುರು ಮಾಡಿಬಿಟ್ಟೆ. ಇಡೀ ಕೋಣೆ ಗಪ್‌ಚಿಪ್ ಆಯಿತು. ಬಾಳೆಹಣ್ಣು ಎರಡು ಹೆಜ್ಜೆ ಹಿಂದೆ ಸರಿಯಿತು. ನಡುವೆ ನಿಲ್ಲಿಸಿದರೆ ಇನ್ನೂ ಅವಮಾನ ಎಂದು ನಾನು ಪೂರ್ತಿ ಹೇಳಿಯೇ ಮುಗಿಸಿದೆ. ಕಿವಿ ಸುಡುತ್ತಿತ್ತು. ನೆಲ ಬಾಯಿಬಿಡಬಾರದೇ ಎನಿಸಿತ್ತು.

ಆಗ ಕೋಳಿಯ ವೇಷದ ಒಬ್ಬ ಹೆಂಗಸು ಗುಂಪು ಸರಿಸಿಕೊಂಡು ಮುಂದೆ ಬಂದಳು. ಈಗ ನನಗೆ ವೀಡಿಯೊ ಕಾಲ್ ಮಾಡುವ ಗೆಳತಿ ಇವಳೇ. ಆಫೀಸಿನ ಬಾಗಿಲಲ್ಲಿ ಕೂತು ಬಂದವರನ್ನು ವಿಚಾರಿಸುವ ಕೆಲಸ ಅವಳದು. ಮೊಮ್ಮಕ್ಕಳನ್ನು ಕಂಡವಳು, ಗಂಡ ಇರಲಿಲ್ಲ. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ನಮಸ್ಕಾರ ಬಿಟ್ಟರೆ ಬೇರೆ ಮಾತಿರಲಿಲ್ಲ. ತನ್ನ ಭವಿಷ್ಯವನ್ನೂ ಹೇಳು ಎಂದಳು. ಈ ಸಲ ಇಂಗ್ಲಿಷಿನಲ್ಲಿ ಹೇಳಿದೆ, ಈ ವಾರದಲ್ಲೇ ನಿನ್ನ ಮನೆಗೊಬ್ಬ ಅತಿಥಿ ಬರುತ್ತಾರೆ ಎಂದು. ಬುಡುಬುಡಿಕೆಯವನಿಗೆ ಬಟ್ಟೆ ಕೊಡದೆ ಕಳಿಸಬಾರದು ಎಂಬ ಪದ್ಧತಿಯನ್ನೂ ತಿಳಿಸಿದೆ. ಅವಳು ಹೊರಗೆ ಹೋಗಿ ಕಾರಿನಿಂದ ತನ್ನ ರಗ್ಬಿ ಕ್ಲಬ್ಬಿನ ಹಳೆಯ ಮಫ್ಲರ್ ತಂದು ನನ್ನ ಹೆಗಲಿಗೆ ಹಾಕಿದಳು. ಆ ಅತಿಥಿ ನೀನೇ ಆಗು, ಶನಿವಾರ ಮಧ್ಯಾಹ್ನ ಊಟಕ್ಕೆ ಬಾ, ಆಮೇಲೆ ಆಟಕ್ಕೆ ಹೋಗೋಣ ಎಂದಳು. ಅದಾದ ಮೇಲೆ ಒಬ್ಬೊಬ್ಬರೇ ಬಂದು ತಮ್ಮ ಭವಿಷ್ಯ ಕೇಳಿದರು. ಬಾಳೆಹಣ್ಣೂ ಬಂತು.

ಆ ಶನಿವಾರ ಮೊದಲ ಸಲ ರಗ್ಬಿ ನೋಡಿದೆ. ಊರಾಚೆ ಕುರಿ ಮೇಯುವ ಬಯಲಿನ ಪಕ್ಕದಲ್ಲಿ ಮೈದಾನ. ಮಳೆ ಅಡ್ಡಡ್ಡ ಬೀಸುತ್ತಿತ್ತು. ಜನ ಮೈದಾನದ ಸುತ್ತ ಕಾರು ನಿಲ್ಲಿಸಿಕೊಂಡು ಒಳಗೇ ಕೂತು ನೋಡುತ್ತಾರೆ, ತಮ್ಮವರು ಅಂಕ ಗಳಿಸಿದಾಗ ಎಲ್ಲರೂ ಒಟ್ಟಿಗೆ ಹಾರ್ನ್ ಹೊಡೆಯುತ್ತಾರೆ. ಎರಡೂ ಕಡೆಯ ದಢೂತಿ ಆಟಗಾರರು ಬಗ್ಗಿ, ಒಬ್ಬರ ಹೆಗಲಿಗೆ ಒಬ್ಬರು ಒತ್ತಿಕೊಂಡು, ತಲೆಗಳನ್ನೆಲ್ಲ ಒಳಗೆ ತೂರಿಸಿಕೊಂಡು ನಿಂತಾಗ ನನಗೆ ನಗು ತಡೆಯಲಾಗಲಿಲ್ಲ. ಯಗಟಿಯ ಮಟಮಟ ಮಧ್ಯಾಹ್ನದಲ್ಲಿ ನೆರಳಿಲ್ಲದ ಕಡೆ ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆಯಿಟ್ಟು ನಿಲ್ಲುವುದು ಥೇಟ್ ಹೀಗೇ. ಗೆಳತಿಗೆ ಅದನ್ನು ಹೇಳಿದೆ. ಅವಳೂ ಕುರಿಗಳ ನಡುವೆ ಬೆಳೆದವಳಂತೆ. ಅಲ್ಲಿಂದ ಮುಂದೆ ಆಟಗಾರರು ಹಾಗೆ ಜಮಾಯಿಸಿದಾಗಲೆಲ್ಲ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ನೋಡಿದರೆ ನಗು.

ನಿಯಮಗಳು ನನಗೆ ಇಂದಿಗೂ ಪೂರ್ತಿ ಗೊತ್ತಿಲ್ಲ. ಮುಂದಕ್ಕೆ ಹೋಗಬೇಕಾದವರು ಚೆಂಡನ್ನು ಹಿಂದಕ್ಕೆ ಎಸೆಯುವುದು ಯಾವ ನ್ಯಾಯವೋ ನಾ ಕಾಣೆ. ಆದರೆ ಎದುರಾಳಿಯನ್ನು ಹಿಡಿದು ಕೆಡವುವುದು ಕಬಡ್ಡಿ ನೋಡಿ ಬೆಳೆದ ನನಗೆ ಗೊತ್ತಿದ್ದ ವಿಷಯ. ಕಾರಿನ ಗಾಜು ಇಳಿಸಿ "ಬಿಡ್ಬೇಡ ಕಣೋ, ಕಾಲ್ ಹಿಡ್ಕೊಳ್ಳೋ ಅವಂದು" ಎಂದು ಕನ್ನಡದಲ್ಲೇ ಕೂಗುತ್ತಿದ್ದೆ. ಒಂದು ಶನಿವಾರ ಗಂಟಲು ಕಟ್ಟಿತ್ತು, ಸುಮ್ಮನೆ ಕೂತಿದ್ದೆ. ಪಕ್ಕದ ಕಾರಿನ ರೈತನೊಬ್ಬ ಮಳೆಯಲ್ಲಿ ಇಳಿದು ಬಂದು ಗಾಜು ತಟ್ಟಿ, ಇವತ್ತು ನಿನ್ನ ಕೂಗು ಕೇಳಲಿಲ್ಲವಲ್ಲ, ಹುಷಾರಾಗಿದ್ದೀಯಾ ಎಂದು ಕೇಳಿದ. ಅವನಿಗೆ ನನ್ನ ಹೆಸರೂ ಗೊತ್ತಿರಲಿಲ್ಲ. ಅವತ್ತು ಕಾರಿನೊಳಗೆ ನನ್ನ ಕಣ್ಣು ತುಂಬಿ ಬಂತು.

ನಾನು ಅಲ್ಲಿದ್ದ ಕೊನೆಯ ವರ್ಷ ಆಗಸ್ಟಿನಲ್ಲಿ ಆಟದ ಕಾಲ ಮುಗಿದಾಗ ಕ್ಲಬ್ಬಿನಲ್ಲೂ ಒಂದು ವೇಷದ ಸಂಜೆ. ತಂಡದ ಅತ್ಯಂತ ದೊಡ್ಡ ಆಳು, ಬಾಗಿಲಲ್ಲಿ ನಿಂತರೆ ಬೆಳಕೇ ಬಾರದಂಥವನು, ನಿನ್ನ ಸೀರೆಯೊಂದನ್ನು ನನಗೆ ಉಡಿಸು ಎಂದು ಬಂದ. ಒಂದು ಸುತ್ತು ಸುತ್ತುವಷ್ಟರಲ್ಲಿ ಅರ್ಧ ಸೀರೆ ಮುಗಿಯಿತು. ಹಿಡಿಯಲು ಎರಡೇ ನೆರಿಗೆ ಉಳಿದವು. ಅವನು ಉಸಿರು ಬಿಗಿಹಿಡಿದು ಮಗುವಿನಂತೆ ಕೈ ಎತ್ತಿಕೊಂಡು ನಿಂತಿದ್ದ. ಗೆಳತಿ ಗೋಡೆಗೆ ಒರಗಿ ನಕ್ಕು ನಕ್ಕು ನೆಲಕ್ಕೆ ಕೂತಳು. ನಾನೂ ಅವಳ ಪಕ್ಕ ಕೂತು ನಕ್ಕೆ. ನಾನು ಅಷ್ಟು ನಕ್ಕದ್ದು ಅದೇ ಕೊನೆ ಇರಬೇಕು, ಆ ಚಳಿಗಾಲ ಮುಗಿಯುವಷ್ಟರಲ್ಲಿ ಲ್ಯಾಬು ಮುಚ್ಚುವ ಸುದ್ದಿ ಬಂತು.

ಇಲ್ಲಿ ಜನ ಇಲ್ಲವೆಂದಲ್ಲ. ಬೇಕಾದಷ್ಟು ಇದ್ದಾರೆ, ಬೇಡವೆನ್ನುವಷ್ಟೂ ಇದ್ದಾರೆ. ಹೋದ ತಿಂಗಳು ತರೀಕೆರೆಯ ಕಲ್ಯಾಣ ಮಂಟಪದಲ್ಲಿ ದೊಡ್ಡಪ್ಪನ ಮೊಮ್ಮಗಳ ಮದುವೆಗೆ ಹೋಗಿದ್ದೆ. ನನಗೆ ಮದುವೆಯಾಗಿಲ್ಲ, ತಲೆಯಲ್ಲಿ ಬಿಳಿಕೂದಲು ಬಂದಾಗಿದೆ. ಇಂಥವಳನ್ನು ಎಲ್ಲಿ ಕೂರಿಸಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಅರಿಶಿನ ಕುಂಕುಮ ಹಿಡಿದು ಓಡಾಡುವ ಗುಂಪಿಗೂ ಸೇರುವುದಿಲ್ಲ, ಸೊಸೆಯರನ್ನು ಬೈಯುವ ಗುಂಪಿಗೂ ಸೇರುವುದಿಲ್ಲ. ಊಟದ ಪಂಕ್ತಿಯಲ್ಲಿ ಪಕ್ಕದ ಹೆಂಗಸು ಕೈ ಹಿಡಿದುಕೊಂಡು, "ಅಲ್ಲಿ ಯಾರ್ ಜೊತೆ ಇದ್ಯಮ್ಮಾ?" ಎಂದರು. ಒಬ್ಬಳೇ ಎಂದೆ. "ಅಯ್ಯೋ ಪಾಪ, ಒಬ್ಳೇನಾ" ಎಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಒಳ್ಳೆಯ ಮನಸ್ಸಿನವರೇ. ಅಲ್ಲಿ ಯಾರೂ ಹೀಗೆ ಕೈ ಹಿಡಿದು ಉಣ್ಣಿಸಿದವರಿಲ್ಲ, ಅದೂ ನಿಜ. ಆದರೆ ಅಲ್ಲಿ ನಾನು ಒಬ್ಬಳೇ ಇರಲಿಲ್ಲ ಎಂಬುದನ್ನು ಆ ಎಲೆಯ ಮುಂದೆ ಹೇಗೆ ಹೇಳುವುದು? ಹೋಳಿಗೆ ತಿಂದು ಎದ್ದೆ.

ಉತ್ತರ ಬಂದದ್ದು ಮೊನ್ನೆ ಶನಿವಾರ, ಬಸ್ಸಿನಲ್ಲೇ. ಆಟ ನೋಡುತ್ತಿದ್ದ ಹಾಗೇ ಫೋನಿಗೆ ಆ ಲ್ಯಾಬಿನ ಮೇಲ್ ಬಂತು. ಬೇರೊಬ್ಬರನ್ನು ತೆಗೆದುಕೊಂಡಿದ್ದೇವೆ, ನಿಮಗೆ ಒಳ್ಳೆಯದಾಗಲಿ ಎಂದಿತ್ತು. ಗೆಳತಿ ಅಲ್ಲಿಂದ ಏನೋ ಹೇಳುತ್ತಿದ್ದಳು, ನಾನು ಕರೆ ಕತ್ತರಿಸಿದೆ. ಅಜ್ಜಂಪುರ ಬರುವವರೆಗೆ ಮುಖಕ್ಕೆ ಸೆರಗು ಅಡ್ಡ ಹಿಡಿದುಕೊಂಡು ಕೂತೆ.

ಅಕ್ಕ ನಾನು ಚಪ್ಪಲಿ ಬಿಡುವುದಕ್ಕೂ ಬಿಡದೆ ಮಹಡಿಗೆ ಎಳೆದುಕೊಂಡು ಹೋದಳು. ಭಾವ ಬುಕ್ಕಾಂಬುಧಿ ಕೆರೆಯ ಕೆಳಗಿನ ಜಮೀನಿಗೆ ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ. ರೂಮಿನ ಗೋಡೆ ಎದೆಯೆತ್ತರ ಎದ್ದಿತ್ತು. ಇಟ್ಟಿಗೆಗೆ ನೀರು ಹೊಡೆದು ಎಲ್ಲ ಒದ್ದೆ. "ಇಲ್ಲಿ ನಿನ್ ಮಂಚ, ಇಲ್ಲಿ ಬೀರು. ಬಣ್ಣ ಯಾವ್ದು ಬೇಕು ಈಗ್ಲೇ ಹೇಳ್ಬಿಡು, ಆಮೇಲೆ ಮುಖ ಊದಿಸ್ಕೋಬೇಡ" ಎಂದಳು. ಅವಳ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ನಾನು ವಾಪಸ್ ಅಲ್ಲಿಗೇ ಹೋಗೋಕೆ ಅರ್ಜಿ ಹಾಕಿದ್ದೆ. ಆಗ್ಲಿಲ್ಲ" ಎಂದೆ.

ಅಕ್ಕ ಸಿಮೆಂಟಿನ ಮೂಟೆಯ ಮೇಲೆ ಕೂತಳು. ಬೈಯುತ್ತಾಳೆ ಎಂದುಕೊಂಡೆ. "ಅಲ್ಲಿ ಅಂಥಾದ್ದೇನೈತೆ?" ಎಂದಳು. ಹೇಳಿದೆ. ಕಾರುಗಳು, ಹಾರ್ನು, ಗಾಜು ತಟ್ಟಿದ ರೈತ, ಸೀರೆಯುಟ್ಟ ದಢೂತಿ ಆಟಗಾರ, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಎಲ್ಲ ಸಣ್ಣ ಸಣ್ಣ ವಿಷಯವಾಗಿ ಕಂಡವು, ಇಷ್ಟಕ್ಕೇ ಅಳುತ್ತಿದ್ದೇನೆಯೇ ಎಂದು ನನಗೇ ನಾಚಿಕೆಯಾಯಿತು. ಅಕ್ಕ ನಗಲಿಲ್ಲ.

"ನನ್ನ ಇಲ್ಲಿಗೆ ಮದ್ವೆ ಮಾಡ್ಕೊಟ್ಟಾಗ ನೀನಿನ್ನೂ ಚಿಕ್ಕೋಳು" ಎಂದಳು. "ಸಂತೆ ದಿನ ಬಸ್ ಸ್ಟ್ಯಾಂಡಿಗೆ ಹೋಗ್ತಿದ್ದೆ. ತರಕಾರಿ ಒಂದು ನೆಪ. ಯಗಟಿ ಕಡೆಯಿಂದ ಯಾರಾದ್ರೂ ಇಳೀತಾರಾ ಅಂತ ನಿಂತಿರ್ತಿದ್ದೆ. ಯಾರೂ ಇಳೀದಿದ್ರೆ ಬರೀ ಬಸ್ಸಾದ್ರೂ ನೋಡ್ಕೊಂಡ್ ಬತ್ತಿದ್ದೆ. ಇಷ್ಟು ಹತ್ರ ಕೊಟ್ಟವ್ರೆ, ಇವಳಿಗೇನು ಅಂತ ಎಲ್ರೂ ಅನ್ನೋರು. ಯಾರ್ ಹತ್ರ ಹೇಳ್ಕೊಳ್ಳೋದು?"

ನನಗೆ ಇದು ಗೊತ್ತೇ ಇರಲಿಲ್ಲ. ಊರು ಬಿಟ್ಟು ಹೋದವಳು ಎಂದರೆ ನಮ್ಮ ಮನೆಯಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ. "ಆಮೇಲೆ ಹೆಂಗೆ ಸರಿಹೋಯ್ತು?" ಎಂದು ಕೇಳಿದೆ.

"ಒಂದಿನ ಸಂತೆಗ್ ಹೋದೋಳು ತರಕಾರಿ ತಗೊಂಡು ಸೀದಾ ಮನೇಗ್ ಬಂದ್ಬಿಟ್ಟೆ. ಬಸ್ಸಿನ ಕಡೆ ತಿರುಗೂ ನೋಡಿರ್ಲಿಲ್ಲ. ಅನ್ನಕ್ಕಿಟ್ಟು ಕೂತ್ಮೇಲೆ ನೆನಪಾಯ್ತು. ಮರ್ತೇ ಹೋಗಿತ್ತು ಕಣೇ ನಂಗೆ." ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವತ್ತು ಅತ್ತಷ್ಟು ಮದ್ವೆಯಾಗಿ ಬಂದ್ ದಿನಾನೂ ಅತ್ತಿರ್ಲಿಲ್ಲ."

ಕೆಲಸ ಸಿಗದಿದ್ದುದಕ್ಕಿಂತ ಆ ಮಾತಿಗೆ ನಾನು ಹೆಚ್ಚು ಹೆದರಿದೆ, ಒಂದು ಶನಿವಾರ ನಾನೂ ಹೀಗೇ ಮರೆತುಬಿಟ್ಟರೆ ಎಂದು. ಅವಳ ಪಕ್ಕದಲ್ಲಿ ಅದೇ ಮೂಟೆಯ ಮೇಲೆ ಕೂತೆ. ಅವಳು ಎದ್ದು, ನೀರಿನ ಕೊಳವೆ ಎತ್ತಿಕೊಂಡು ಒಣಗಿದ ಕಡೆ ಗೋಡೆಗೆ ನೀರು ಬಿಡತೊಡಗಿದಳು.

"ನಾನು ರೂಮ್ ಕಟ್ಟೋದು ನಿಲ್ಸಲ್ಲ" ಎಂದಳು ನನ್ನ ಕಡೆ ನೋಡದೆ. "ನೀನು ಅರ್ಜಿ ಹಾಕೋದು ನಿಲ್ಲಿಸ್ಬೇಡ."