‘ಹೂಂ’ ಎನ್ನುವ ಸಾಕ್ಷಿ

ಮೊನ್ನೆ ಶುಕ್ರವಾರ ಗಾಜಿನ ಕಪಾಟು ಒರೆಸುವಾಗ ಹಿಡಿಕೆಯಿಲ್ಲದ ಪುಟ್ಟ ಕಾಫಿ ಬಟ್ಟಲೊಂದು ಕೈಗೆ ಸಿಕ್ಕಿತು. ಮೂಸಿ ನೋಡಿ, ಇಷ್ಟು ವರ್ಷದ ಮೇಲೂ ಏಲಕ್ಕಿ ವಾಸನೆ ಇದೆ ಎಂದೆ. “ಅದು ನಿಮ್ಮ ಮೂಗಿನ ಭ್ರಮೆ. ಸಾಬೂನು ಹಾಕಿ ತೊಳೆದಿಟ್ಟದ್ದು ನಾನು” ಎಂದಳು ಹೆಂಡತಿ. ಕುವೈತಿನ ಜಾಬ್ರಿಯಾದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳೊಡನೆ ವಾಸನೆಯ ವಿಷಯದಲ್ಲಿ ವಾದ ಮಾಡಿ ಗೆದ್ದವರಿಲ್ಲ. ಆದರೆ ಆ ದಿನ ಅವಳ ಮನಸ್ಸು ಬೇರೆಲ್ಲೋ ಇತ್ತು. “ರೀಮಾಗೆ ಎಂತದೋ ಆಗಿದೆ ಮಾರಾಯ್ರೆ. ಫೋನಲ್ಲಿ ಎಲ್ಲದಕ್ಕೂ ಬರೀ ಹೂಂ ಅಂತಾಳೆ. ಇವತ್ತು ನೀವೇ ಮಾತಾಡಿ, ಎಂತಾಂತ ತಿಳ್ಕೊಳ್ಳಿ.”

ರೀಮಾ ನಮ್ಮ ಒಬ್ಬಳೇ ಮಗಳು. ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಫಿಸಿಯೋಥೆರಪಿ ಓದುತ್ತಾಳೆ. ಕೋರ್ಸು ಆರಿಸಿದವನು ನಾನೇ. “ತಿಳಿದುಕೊಳ್ಳುವ ಕೆಲಸ ತಾನೆ? ಅದರಲ್ಲಿ ನನಗೆ ಮಿಲಿಟರಿ ತರಬೇತಿ ಆಗಿದೆ” ಎಂದೆ. ಅವಳು ನಗಲಿಲ್ಲ.

ನೀವೂ ನಂಬಲಿಕ್ಕಿಲ್ಲ, ಆದರೂ ಹೇಳುತ್ತೇನೆ. ತೊಂಬತ್ತರ ದಶಕದ ಕೊನೆ. ನನ್ನ ಕಫೀಲ್, ಅಂದರೆ ನಾನು ಈ ದೇಶದಲ್ಲಿರಲು ಬೇಕಾದ ಇಕಾಮಾ ಪರವಾನಗಿಗೆ ಹೊಣೆಯಾದ ಯಜಮಾನ, ಶುವೈಖಿನಿಂದ ಕಚೇರಿಗಳಿಗೆ ಟೈಪಿಸ್ಟರನ್ನು ಒದಗಿಸುತ್ತಿದ್ದ. ಅವನು ನನ್ನನ್ನು ಕಳಿಸಿದ್ದು ಸೈನಿಕರಿಗೂ ಅಧಿಕಾರಿಗಳಿಗೂ ಗುಪ್ತಚರ ಕೆಲಸ ಕಲಿಸುವ ಒಂದು ಶಾಲೆಗೆ. ಕಪ್ಪು ಕನ್ನಡಕ, ಪಿಸುಮಾತು ಎಂದೆಲ್ಲ ಎಣಿಸಿಕೊಂಡು ಹೋದೆ. ಅಲ್ಲಿ ಇದ್ದದ್ದು ಹಾಜರಿ ಪಟ್ಟಿ, ಕೆಟ್ಟು ನಿಲ್ಲುವ ಜೆರಾಕ್ಸ್ ಮೆಷಿನ್, ಹೋಂವರ್ಕ್ ಮಾಡದೆ ತಲೆ ತಗ್ಗಿಸುವ ಕ್ಯಾಪ್ಟನ್‌ಗಳು. ನಾನು ಟೈಪು ಮಾಡುತ್ತಿದ್ದ ವರದಿ ಹಾಳೆಯಲ್ಲಿ ಮೂರು ಕಾಲಂ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಮೊದಲೆರಡು ತುಂಬದೆ ಮೂರನೆಯದಕ್ಕೆ ಕೈ ಹಾಕಿದವನಿಗೆ ಸೊನ್ನೆ. ಊರಿನಿಂದ ನನಗೆ ಬರುತ್ತಿದ್ದ ಕಾಗದಗಳಿಗೆ ಈ ನಿಯಮ ಹಾಕಿದ್ದರೆ ಒಂದೂ ಪಾಸಾಗುತ್ತಿರಲಿಲ್ಲ.

ಅಲ್ಲಿನ ಮೇಷ್ಟ್ರು ಅಬು ನಾಸಿರ್, ನಿವೃತ್ತ ಕರ್ನಲ್. ಒಂದು ದಿನ ನನ್ನ ಮೇಜಿನ ಮೇಲೆ ಚೀಟಿಯೊಂದನ್ನಿಟ್ಟು, “ನಾಳೆ ನೀನು ಸಾಕ್ಷಿ” ಎಂದರು. ನಾನು ವಫ್ರಾದ ತೋಟದ ಕೆಲಸದವನು. ಬೆಳಿಗ್ಗೆ ಬೇಲಿಯ ಹತ್ತಿರ ಒಂದು ಬಿಳಿ ಲಾರಿ ಕಂಡೆ, ಅದರಿಂದ ಇಳಿದವರು ಇಬ್ಬರು, ಒಬ್ಬ ಕುಂಟುತ್ತಿದ್ದ. ಚೀಟಿಯಲ್ಲಿದ್ದದ್ದು ಇಷ್ಟೇ. ಪ್ರಶ್ನೆ ಕೇಳಿ ಇದನ್ನು ಹೊರಗೆ ತೆಗೆಯುವುದು ವಿದ್ಯಾರ್ಥಿಯ ಪರೀಕ್ಷೆ. ನಾನೋ ಊರಿನ ಚರ್ಚಿನ ನಾಟಕದಲ್ಲಿ ಮೂರು ವರ್ಷ ಈಟಿ ಹಿಡಿದು ಬಾಯಿ ಮುಚ್ಚಿ ನಿಂತ ಕಾವಲುಗಾರ. ಮಾತಿರುವ ಪಾತ್ರ ಸಿಕ್ಕಿತೆಂದು ಹಿಗ್ಗಿದೆ.

ಎದುರು ಕೂತವನು ಲೆಫ್ಟಿನೆಂಟ್ ಫಹದ್. ಒಳ್ಳೆಯ ಹುಡುಗ, ಆದರೆ ಅವಸರದವನು. ಒಮ್ಮೆ ಫೇಲಾಗಿದ್ದ, ಮೂರು ಸಲ ಫೇಲಾದರೆ ಗೋದಾಮಿನ ಕಾವಲಿಗೆ ವಾಪಸ್.

“ಲಾರಿ ಬಂತಲ್ಲ?”

“ಹೌದು ಸರ್.”

“ನಾಲ್ಕು ಜನ ಇದ್ದರಾ?”

“ಹೌದು ಸರ್.”

“ಬಂದೂಕು?”

“ಇತ್ತು ಸರ್.”

“ಉತ್ತರದಿಂದ ಬಂದವರಾ?”

“ಹೌದು ಸರ್.”

ಉತ್ತರದ ಗಡಿ ದಾಟಿ ಪರದೇಶದ ಸೈನ್ಯ ನುಗ್ಗಿ ಹತ್ತು ವರ್ಷವೂ ಆಗಿರದ ಕುವೈತಿನಲ್ಲಿ, ಉತ್ತರದಿಂದ ಬಂದರು ಎನ್ನುವುದು ಆಗ ಹಗುರವಾದ ಮಾತಾಗಿರಲಿಲ್ಲ. ಐದೇ ನಿಮಿಷದಲ್ಲಿ ನಾವಿಬ್ಬರೂ ಸೇರಿ ಒಂದು ಯುದ್ಧವನ್ನೇ ಎಬ್ಬಿಸಿಬಿಟ್ಟಿದ್ದೆವು.

ಫಹದ್‌ಗೆ ಸೊನ್ನೆ ಬಿತ್ತು. ಕೊನೆಯದಾಗಿ ಇನ್ನೊಂದು ಅವಕಾಶ, ಮರುವಾರ. ನನಗೆ ತಡೆಯಲಾಗಲಿಲ್ಲ, ಅಬು ನಾಸಿರ್ ಹತ್ತಿರ ಹೋಗಿ, “ತಪ್ಪು ನನ್ನದು ಸರ್” ಎಂದೆ. “ನಿನ್ನದಲ್ಲ” ಎಂದರು ಅವರು. “ಇಕಾಮಾ ಬೇರೆಯವರ ಕೈಯಲ್ಲಿರುವವನು ಯೂನಿಫಾರ್ಮ್ ಕೇಳಿದ್ದಕ್ಕೆಲ್ಲ ಹೌದು ಅನ್ನುತ್ತಾನೆ. ಈ ಹುಡುಗರಿಗೆ ಅದು ಗೊತ್ತಾಗಲಿ ಎಂದೇ ನಿನ್ನನ್ನು ಆರಿಸಿದ್ದು.” ನಟನೆಗಾಗಿ ಆರಿಸಿದ್ದಾರೆಂದು ತಿಳಿದಿದ್ದೆನಲ್ಲ, ಮುಖಕ್ಕೆ ಹೊಡೆದಂತಾಯಿತು. ಅವರು ಹೇಳಿದ್ದು ನಿಜವಾಗಿದ್ದರಿಂದ ಹೆಚ್ಚು ನೋವಾಯಿತು. ಅದೇ ಕಚೇರಿಯಲ್ಲಿ ಒಮ್ಮೆ, ಬೇಡ ಎನ್ನಲಾರದೆ, ಸುರಿದಷ್ಟೂ ಕುಡಿಯುತ್ತ ಏಳು ಬಟ್ಟಲು ಏಲಕ್ಕಿ ಹಾಕಿದ ಕಹಿ ಕಾಫಿ ಮುಗಿಸಿದವನು ನಾನು.

ಮರುವಾರ ಫಹದ್ ಟೋಪಿ ತೆಗೆದು ಪಕ್ಕಕ್ಕಿಟ್ಟ. ತಾನೇ ಕಾಫಿ ಸುರಿದ. “ಸಾಕೆನಿಸಿದರೆ ಬಟ್ಟಲನ್ನು ಹೀಗೆ ಅಲ್ಲಾಡಿಸು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ” ಎಂದು ಮಾಡಿ ತೋರಿಸಿದ. ಆಮೇಲೆ, “ಬೆಳಿಗ್ಗೆ ಎದ್ದಾಗಿನಿಂದ ಹೇಳು” ಎಂದು ಸುಮ್ಮನೆ ಕೂತ. ಎಷ್ಟು ಹೊತ್ತು ಕೂತನೆಂದರೆ ಕೊನೆಗೆ ನಾನೇ ತಡೆಯಲಾರದೆ ಬಾಯಿ ಬಿಟ್ಟೆ. ಟೊಮೆಟೊ ಪೆಟ್ಟಿಗೆ, ಬೇಲಿ, ಬಿಳಿ ಲಾರಿ, ಇಬ್ಬರು, ಕುಂಟು ಕಾಲು, ಎಲ್ಲ ಒಂದೊಂದಾಗಿ ಬಂತು. ಹಳೆಯ ಚಾಳಿ ಎಲ್ಲಿಗೆ ಹೋಗುತ್ತದೆ, ಕೊನೆಯಲ್ಲಿ ಕೇಳಿಯೇಬಿಟ್ಟ: “ಉತ್ತರದಿಂದ ಬಂದರಾ?”

ಹೌದು ಎಂಬುದು ನಾಲಗೆಯ ತುದಿಯಲ್ಲಿತ್ತು. ಬಟ್ಟಲು ಅಲ್ಲಾಡಿಸಿದೆ. “ಅದನ್ನು ನಾನು ನೋಡಲಿಲ್ಲ ಸರ್.”

ಕುವೈತಿಗೆ ಬಂದು ಆರು ವರ್ಷಕ್ಕೆ ಯೂನಿಫಾರ್ಮಿನ ಮುಂದೆ ನಾನಾಡಿದ ಮೊದಲ ‘ಇಲ್ಲ’ ಅದು. ಫಹದ್ ಮೂರನೆಯ ಕಾಲಂಗೆ ಒಂದು ಗೆರೆ ಎಳೆದು, “ಖಲಾಸ್” ಎಂದು ನಕ್ಕ. ಪಾಸಾದ. ಬಟ್ಟಲು ನನಗೇ ಕೊಟ್ಟ.

ಮೊನ್ನೆ ಶುಕ್ರವಾರ ಸಂಜೆ ರೀಮಾಗೆ ಫೋನು ಮಾಡಿದೆ. ಬಟ್ಟಲು ಮಡಿಲಲ್ಲೇ ಇತ್ತು. ಊಟ ಆಯ್ತಾ, ಓದು ಆಗ್ತಾ ಉಂಟಲ್ಲ, ಹಾಸ್ಟೆಲ್ ಒಳ್ಳೇದುಂಟಲ್ಲ: ಎರಡು ವರ್ಷದಿಂದ ಪ್ರತಿ ವಾರ ನನ್ನ ಪ್ರಶ್ನೆಗಳು ಇವೇ. ಫೀಸು ನನ್ನದು, ಟಿಕೆಟು ನನ್ನದು, ಕೋರ್ಸೂ ನನ್ನದು. ನನ್ನ ಮಗಳಿಗೆ ನಾನೇ ಕಫೀಲ್ ಆಗಿ ಕೂತಿದ್ದೆ. ಅವಳು ಹೂಂ ಎನ್ನದೆ ಇನ್ನೇನು ಎಂದಾಳು?

“ಬೆಳಿಗ್ಗೆ ಎದ್ದಾಗಿನಿಂದ ಹೇಳು ಮಗಾ, ಎಂತೆಲ್ಲ ಮಾಡಿದಿ?”

“ಯಾಕೆ ಪಪ್ಪ? ನಥಿಂಗ್ ಸ್ಪೆಷಲ್.”

ನಾನು ಸುಮ್ಮನಾದೆ. ಏನಾದರೂ ಮಾತಾಡಿ ಎಂದು ಹೆಂಡತಿ ಸನ್ನೆ ಮಾಡಿದಳು. ಕೈ ಎತ್ತಿ ತಡೆದೆ. ಆ ಕಡೆ ಹಾಸ್ಟೆಲಿನ ಬಾಗಿಲು ಮುಚ್ಚಿದ ಸದ್ದು ಕೇಳಿತು.

“ಪಪ್ಪ, ಈ ತಿಂಗಳು ನಾನು ಕ್ಲಾಸಿಗೆ ಹೋಗ್ಲೇ ಇಲ್ಲ. ನನಗೆ ಈ ಕೋರ್ಸ್ ಬೇಡ.”

ಇನ್ನೆರಡೇ ವರ್ಷ, ಹೇಗಾದರೂ ಮುಗಿಸ್ತಿಯಲ್ಲ? ಎನ್ನುವ ಪ್ರಶ್ನೆ ಗಂಟಲಿಗೆ ಬಂತು. ಕೇಳಿದ್ದರೆ ಅವಳು ಹೂಂ ಎನ್ನುತ್ತಿದ್ದಳು. ನುಂಗಿಕೊಂಡೆ.

“ಮತ್ತೆ?” ಎಂದೆ.

“ಮತ್ತೆ...” ಎಂದು ಅವಳು ಹೇಳತೊಡಗಿದಳು. ಹೆಂಡತಿ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತಳು.